ಮೊದಲ ವೈಡ್ ಆ್ಯಂಗಲ್ ಲೆನ್ಸ್: ಕಾರವಾರ, ಶಿರಸಿ ಸುತ್ತ ಫೋಟೋ ತೆಗೆಯುವವರಿಗೆ

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಹಾಕಿಕೊಂಡು ಯಾಣದ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತವರಿಗೆಲ್ಲ ಒಂದೇ ತಕರಾರು. ತುದಿ ಬಂದರೆ ಬುಡ ಬರಲ್ಲ, ಬುಡ ಬಂದರೆ ತುದಿ ಬರಲ್ಲ. ಬಂಡೆ 120 ಮೀಟರ್ ಎತ್ತರ. ಹಿಂದೆ ಸರಿಯೋಣ ಅಂದರೆ ಕಾಡು ಅಡ್ಡ. ವೈಡ್ ಆ್ಯಂಗಲ್ ಲೆನ್ಸಿನ ಆಸೆ ಬಹಳ ಜನರಿಗೆ ಹುಟ್ಟುವುದು ಇಂಥ ಜಾಗದಲ್ಲೇ. ಆಸೆ ನ್ಯಾಯವಾದದ್ದೇ. ಆದರೆ ಅದೇ ಲೆನ್ಸ್ ಹಿಡಿದು ಉಂಚಳ್ಳಿಗೆ ಹೋಗಿ ನೋಡಿ. 116 ಮೀಟರ್ ಎತ್ತರದಿಂದ ಬೀಳುವ ಅಘನಾಶಿನಿ ಫೋಟೋದಲ್ಲಿ ದಾರದ ಎಳೆಯಷ್ಟಾಗಿರುತ್ತಾಳೆ. ಸುತ್ತ ಬರೀ ಹಸಿರು, ಮೇಲೆ ಬರೀ ಬಿಳಿ ಆಕಾಶ.

ಎರಡೂ ಕಡೆ ಲೆನ್ಸ್ ಒಂದೇ. ಬೇರೆಯಾಗಿದ್ದು ನೀವು ನಿಂತ ದೂರ. ಯಾಣದಲ್ಲಿ ಬಂಡೆ ಕೈಗೆಟಕುವಷ್ಟು ಹತ್ತಿರ ಇದೆ, ಉಂಚಳ್ಳಿಯಲ್ಲಿ ಕಣಿವೆಯ ಈಚೆ ದಡದಿಂದ ನೋಡುತ್ತೀರಿ. ವೈಡ್ ಲೆನ್ಸ್ ನಿಜವಾಗಿ ದುಡಿಯುವುದು ಎರಡು ಸಂದರ್ಭದಲ್ಲಿ. ಒಂದು, ಹಿಂದೆ ಸರಿಯಲು ಜಾಗವೇ ಇಲ್ಲದಾಗ. ಇನ್ನೊಂದು, ಹತ್ತಿರದ ಒಂದು ವಸ್ತುವನ್ನು ದೊಡ್ಡದಾಗಿ ಇಟ್ಟುಕೊಂಡು ಅದರ ಹಿಂದಿನ ಜಾಗವನ್ನೂ ಕಾಣಿಸಬೇಕಾದಾಗ. ದೂರದ ದೊಡ್ಡ ನೋಟವನ್ನು ಚೌಕಟ್ಟಿನೊಳಗೆ ತುಂಬಿಸುವುದಕ್ಕೆ ಅಂತ ಇದನ್ನು ಕೊಂಡರೆ ನಿರಾಸೆ ಗ್ಯಾರಂಟಿ. ದುಡ್ಡು ಕೊಡುವ ಮೊದಲೇ ಇದನ್ನು ನಿಮ್ಮ ಕಣ್ಣಿಂದಲೇ ಕಂಡುಕೊಳ್ಳಬಹುದು. ಖರ್ಚೂ ಇಲ್ಲ.

ಮೊದಲು ಹಳೇ ಫೋಟೋ ತೆಗೆದು ನೋಡಿ

ಕಂಪ್ಯೂಟರ್‌ನಲ್ಲಿ ನಿಮಗೆ ಇಷ್ಟವಾದ ಹಳೇ ಫೋಟೋಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಪ್ರತಿ ಫೋಟೋದ ಪ್ರಾಪರ್ಟೀಸ್‌ನಲ್ಲಿ ಫೋಕಲ್ ಲೆಂತ್ ಎಷ್ಟು ಎಂಎಂ ಅಂತ ಬರೆದಿರುತ್ತದೆ. ಅಂಕಿ ಸಣ್ಣದಾದಷ್ಟೂ ನೋಟ ಅಗಲ. ಹೆಚ್ಚಿನವು 18 ಎಂಎಂ ಇದ್ದು, ನೋಡುವಾಗ "ಇನ್ನೂ ಸ್ವಲ್ಪ ಆಚೀಚೆ ಬಂದಿದ್ದರೆ" ಅನ್ನಿಸುತ್ತಿದ್ದರೆ ನಿಮಗೆ ವೈಡ್ ಬೇಕು. ಹೆಚ್ಚಿನವು 45, 50, 55ರಲ್ಲಿ ಇದ್ದರೆ ನಿಮ್ಮ ಕಣ್ಣು ಹುಡುಕುತ್ತಿರುವುದು ಬೇರೆ.

ಅಕ್ಕನ ಮಗ ಡಿಗ್ರಿ ಮುಗಿಸಿ ಮೊದಲ ಸಂಬಳದಲ್ಲಿ ವೈಡ್ ಲೆನ್ಸ್ ತಗೋಬೇಕು ಅಂತ ಬಂದಿದ್ದ. "ಮಾಗೋಡು, ಉಂಚಳ್ಳಿ ಎಲ್ಲಾ ಪೂರ್ತಿ ಬರಬೇಕು ಮಾವ" ಅಂದ. ಲ್ಯಾಪ್‌ಟಾಪ್ ತೆರೆದು ಅವನ ಫೋಟೋಗಳನ್ನೇ ನೋಡಿದೆವು. ಮಾಗೋಡಿನ ಒಳ್ಳೇ ಫೋಟೋ ಎಲ್ಲ 55ರಲ್ಲಿ ತೆಗೆದದ್ದು. ಅದರಲ್ಲೂ ಅವನು ಆಮೇಲೆ ಕ್ರಾಪ್ ಮಾಡಿದ್ದ. ನಾನು ಏನೂ ಹೇಳಬೇಕಾಗಿ ಬರಲಿಲ್ಲ. "ನನಗೆ ಬೇಕಾಗಿದ್ದು ಉದ್ದದ ಲೆನ್ಸ್ ಅಲ್ವಾ?" ಅಂತ ಅವನೇ ಕೇಳಿದ. 55-250 ತಗೊಂಡ. ಈಗ ಬೆಣ್ಣೆಹೊಳೆ ಕಡೆಯ ಹಕ್ಕಿಗಳನ್ನೂ ತೆಗೆಯುತ್ತಾನೆ.

ನಮ್ಮ ಜಿಲ್ಲೆಯ ಜಲಪಾತಗಳನ್ನು ಹೀಗೇ ಎರಡು ಗುಂಪು ಮಾಡಿಕೊಳ್ಳಿ. ಮಾಗೋಡು, ಉಂಚಳ್ಳಿಯಂತೆ ವ್ಯೂ ಪಾಯಿಂಟ್‌ನಿಂದಷ್ಟೇ ನೋಡುವಂಥವಕ್ಕೆ ಕಿಟ್ ಲೆನ್ಸ್ ಅಥವಾ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಸಾಕು. ಯಲ್ಲಾಪುರದ ಸಾತೊಡ್ಡಿ, ಯಾಣದ ಹತ್ತಿರದ ವಿಭೂತಿ ಜಲಪಾತದಂತೆ ನೀರು ಬೀಳುವ ಬುಡದ ತನಕ ಹೋಗಬಹುದಾದವಕ್ಕೆ ವೈಡ್ ಚೆನ್ನ. ಅಲ್ಲಿ ಮುಂದೆ ಒಂದು ಪಾಚಿಗಟ್ಟಿದ ಕಲ್ಲು ಇಟ್ಟುಕೊಂಡು ಹಿಂದೆ ನೀರನ್ನು ತೋರಿಸಬಹುದು.

ಫೋನನ್ನೇ ಲೆನ್ಸ್ ಮಾಡಿಕೊಂಡು ಒಂದು ವಾರ ಓಡಾಡಿ

ಈಗಿನ ಬಹಳಷ್ಟು ಫೋನ್‌ಗಳಲ್ಲಿ 0.5 ಅಥವಾ 0.6 ಅಂತ ಒಂದು ಬಟನ್ ಇರುತ್ತದೆ. ಆ ಕ್ಯಾಮೆರಾ ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ ಸುಮಾರು 13ರಿಂದ 16 ಎಂಎಂ. ನೀವು ಕೊಳ್ಳಬೇಕೆಂದಿರುವ 10 ಎಂಎಂ ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ ಇಷ್ಟೇ ಅಗಲ ನೋಡುತ್ತದೆ. ಒಂದು ವಾರ ಎಲ್ಲೇ ಹೋದರೂ ಅದೊಂದರಲ್ಲೇ ತೆಗೆಯಿರಿ. ಬೈತಖೋಲ ಬಂದರಿನಲ್ಲಿ ಬೋಟಿಗೆ ಕಟ್ಟಿದ ಹಗ್ಗದ ಪಕ್ಕ ಕೂತು ತೆಗೆಯಿರಿ. ಟಾಗೋರ್ ಬೀಚಿನಲ್ಲಿ ಸೂರ್ಯಾಸ್ತ ತೆಗೆಯಿರಿ. ಸೂರ್ಯ ಎಷ್ಟು ಸಣ್ಣ ಚುಕ್ಕಿ ಆಗುತ್ತಾನೆ ಅಂತ ಆಗ ಗೊತ್ತಾಗುತ್ತದೆ. ಅದೇ ಬೀಚಿನಲ್ಲಿ ರಂಪಣಿ ಬಲೆ ಎಳೆಯುವಾಗ ಹಗ್ಗ ಹಿಡಿದವರ ಸಾಲಿನ ಪಕ್ಕಕ್ಕೇ ಹೋಗಿ ತೆಗೆದು ನೋಡಿ. ಮೊದಲನೆಯವರ ಕೈ ದೊಡ್ಡದಾಗಿ, ಉಳಿದವರು ಸಾಲಾಗಿ ಸಣ್ಣದಾಗುತ್ತಾ ಹೋಗಿ, ಹಗ್ಗ ಸಮುದ್ರಕ್ಕೆ ಇಳಿಯುವುದು ಒಂದೇ ಚಿತ್ರದಲ್ಲಿ ಬರುತ್ತದೆ. ವೈಡ್ ಲೆನ್ಸಿನ ಕೆಲಸ ಇದು.

ವಾರ ಕಳೆದ ಮೇಲೂ ಆ ನೋಟ ಬೇಸರ ತರಿಸದಿದ್ದರೆ ಮುಂದಕ್ಕೆ ಓದಿ.

ನಿಮ್ಮ ಕ್ಯಾಮೆರಾ ಯಾವುದು, ಎಷ್ಟು ಎಂಎಂ ಬೇಕು

ಲೆನ್ಸಿನ ಮೇಲೆ ಬರೆದ ಎಂಎಂ ಒಂದೇ ಆದರೂ ಕ್ಯಾಮೆರಾ ಒಳಗಿನ ಸೆನ್ಸರ್ ಸಣ್ಣದಿದ್ದರೆ ನೋಟ ಕಿರಿದಾಗುತ್ತದೆ. ಮೊದಲ ಕ್ಯಾಮೆರಾ ಅಂತ ಕೊಳ್ಳುವ ಕ್ಯಾನನ್ 1500ಡಿ, 200ಡಿ, ನಿಕಾನ್ ಡಿ3500, ಡಿ5600, ಸೋನಿ ಎ6000 ಸಾಲಿನವು, ಎಲ್ಲವೂ ಕ್ರಾಪ್, ಅಂದರೆ ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರ್‌ನವೇ. ಫುಲ್ ಫ್ರೇಮ್ ಲೆಕ್ಕಕ್ಕೆ ತರಲು ಲೆನ್ಸಿನ ಎಂಎಂ ಅನ್ನು ಕ್ಯಾನನ್‌ನಲ್ಲಿ 1.6ರಿಂದ, ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5ರಿಂದ ಗುಣಿಸಿ. ಕಿಟ್ ಲೆನ್ಸಿನ 18 ಎಂಎಂ ನಿಕಾನ್‌ನಲ್ಲಿ 27 ಆಯಿತು, ಕ್ಯಾನನ್‌ನಲ್ಲಿ ಸುಮಾರು 29. ಅಂದರೆ ಅದು ಅರೆಬರೆ ವೈಡ್ ಅಷ್ಟೇ. ಲೆನ್ಸ್ 10 ಎಂಎಂ ಇದ್ದರೆ 15 ಅಥವಾ 16. ನಿಜವಾದ ವೈಡ್ ಇಲ್ಲಿದೆ.

ಹಾಗಾಗಿ "16-35 ಭಾರಿ ಒಳ್ಳೇ ವೈಡ್ ಲೆನ್ಸ್" ಅಂತ ಯಾರಾದರೂ ಹೇಳಿದರೆ ಅವರ ಕ್ಯಾಮೆರಾ ಯಾವುದು ಅಂತ ಮೊದಲು ಕೇಳಿ. ಫುಲ್ ಫ್ರೇಮ್‌ನಲ್ಲಿ ಅದು ಅಗಲವಾದ ಲೆನ್ಸ್. ನಿಮ್ಮ 200ಡಿಗೆ ಹಾಕಿದರೆ ಕಿಟ್ ಲೆನ್ಸಿಗಿಂತ ಸ್ವಲ್ಪವೇ ಹೆಚ್ಚು. ತೂಕ, ಬೆಲೆ ಮಾತ್ರ ಬಹಳ ಹೆಚ್ಚು.

18ಕ್ಕೂ 10ಕ್ಕೂ ಎಂಟೇ ಎಂಎಂ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಗೋಡೆಯಿಂದ 10 ಅಡಿ ದೂರ ನಿಂತರೆ, 1.5 ಕ್ರಾಪ್ ಕ್ಯಾಮೆರಾದಲ್ಲಿ 18 ಎಂಎಂಗೆ ಕಾಣುವುದು ಸುಮಾರು 13 ಅಡಿ ಅಗಲ. 10 ಎಂಎಂಗೆ ಸುಮಾರು 23 ಅಡಿ. ಮುರ್ಡೇಶ್ವರದ ರಾಜಗೋಪುರ ಸುಮಾರು 237 ಅಡಿ ಎತ್ತರ ಇದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ, ಉದ್ದುದ್ದ ಹಿಡಿದು, ಗೋಪುರ ನೆಟ್ಟಗೆ ನಿಂತಂತೆ ತುದಿಯವರೆಗೂ ಬರಬೇಕಾದರೆ 18 ಎಂಎಂನಲ್ಲಿ 360 ಅಡಿಗಿಂತ ಹಿಂದೆ ಹೋಗಬೇಕು. 10 ಎಂಎಂನಲ್ಲಿ 200 ಅಡಿ ಸಾಕು. ಅಂಗಡಿ, ಬಸ್ಸು, ಜನ ಎಲ್ಲ ಇರುವ ಜಾಗದಲ್ಲಿ ಆ 160 ಅಡಿ ಸಣ್ಣ ವಿಷಯ ಅಲ್ಲ.

ಮೊದಲ ವೈಡ್ ಲೆನ್ಸಿಗೆ ನನ್ನ ಸಲಹೆ: ಕ್ರಾಪ್ ಕ್ಯಾಮೆರಾಕ್ಕೆ 10 ಅಥವಾ 11ರಿಂದ ಶುರುವಾಗುವ ಒಂದು ಜೂಮ್. ಒಂದೇ ಫೋಕಲ್ ಲೆಂತ್‌ನ ಪ್ರೈಮ್ ಬೇಡ. ಎಷ್ಟು ಅಗಲ ನಿಮಗೆ ಒಗ್ಗುತ್ತದೆ ಅಂತ ಇನ್ನೂ ಗೊತ್ತಿಲ್ಲ. 10ರಲ್ಲಿ ತೆಗೆದದ್ದು ಜಾಸ್ತಿ ಅನ್ನಿಸಿದರೆ 14ಕ್ಕೆ ತಿರುಗಿಸಿಕೊಳ್ಳಲು ಆಗಬೇಕು. ಫಿಶ್ ಐ ಅಂತೂ ಬೇಡವೇ ಬೇಡ. ಗೆರೆಗಳೆಲ್ಲ ಬಾಗಿದ ಆ ನೋಟ ಬೇಗ ಹಳಸುತ್ತದೆ.

ಅಂಗಡಿಯಲ್ಲಿ ಯಾವುದನ್ನು ಕೇಳಬೇಕು

ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ ಹೆಚ್ಚು ಯೋಚಿಸಬೇಡಿ. ಇಎಫ್-ಎಸ್ 10-18 ಎಂಎಂ ಎಫ್/4.5-5.6 ಐಎಸ್ ಎಸ್‌ಟಿಎಂ 2014ರಲ್ಲಿ ಬಂತು. ತೂಕ 240 ಗ್ರಾಂ. ಕೈ ಅದುರುವುದನ್ನು ತಡೆಯುವ ವ್ಯವಸ್ಥೆ ಇದೆ (ಕ್ಯಾನನ್ ಇದನ್ನು ಐಎಸ್ ಅನ್ನುತ್ತದೆ, ನಿಕಾನ್ ವಿಆರ್). ಸೆಕೆಂಡ್ ಹ್ಯಾಂಡ್‌ನಲ್ಲೂ ಧಾರಾಳವಾಗಿ ಸಿಗುತ್ತದೆ. ಇದರ ಮೌಂಟ್ (ಕ್ಯಾಮೆರಾಕ್ಕೆ ಕೂಡುವ ಭಾಗ) ಪ್ಲಾಸ್ಟಿಕ್ಕಿನದು ಅಂತ ಕೆಲವರು ಮೂಗು ಮುರಿಯುತ್ತಾರೆ, ಇಷ್ಟು ಹಗುರದ ಲೆನ್ಸಿಗೆ ಅದು ತೊಂದರೆಯಲ್ಲ. ಆರ್50, ಆರ್10 ಥರದ ಮಿರರ್‌ಲೆಸ್‌ಗೆ 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ಇದೆ, ಬರೀ 150 ಗ್ರಾಂ.

ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಎಫ್-ಪಿ ಡಿಎಕ್ಸ್ 10-20 ವಿಆರ್ ಅಷ್ಟೇ ಹಗುರ, ಅಷ್ಟೇ ಒಳ್ಳೆಯದು. ಆದರೆ ಇಲ್ಲಿ ಎಚ್ಚರ ಬೇಕು. ಡಿ90, ಡಿ7000, ಡಿ5100, ಡಿ3100 ಥರದ ಹಳೇ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ಸೇ ಮಾಡುವುದಿಲ್ಲ. ಇನ್ನೊಂದು ತೊಡಕೂ ನಿಕಾನ್‌ನವರಿಗೇ. ಟೊಕಿನಾ 11-16 ಎಫ್/2.8 ಸೆಕೆಂಡ್ ಹ್ಯಾಂಡ್‌ನಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಅದರ ಮೊದಲ ಆವೃತ್ತಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲೂ ಮೋಟಾರ್ ಇಲ್ಲ. ಎರಡೂ ಸೇರಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಎರಡನೇ ಆವೃತ್ತಿಯೇ ಅಂತ ಖಚಿತ ಮಾಡಿಕೊಂಡು ತಗೊಳ್ಳಿ. ನಿಕಾನ್ ಝಡ್50, ಝಡ್30ಗೆ ಡಿಎಕ್ಸ್ 12-28 ಇದೆ. ಸೋನಿಯವರಿಗೆ ಆಯ್ಕೆ ಜಾಸ್ತಿ: ಸೋನಿಯದ್ದೇ 10-18 ಎಫ್/4, ಟ್ಯಾಮ್ರಾನ್ 11-20 ಎಫ್/2.8, ಸಿಗ್ಮಾ 10-18 ಎಫ್/2.8.

ಎಫ್/2.8 ಬೇಕೇ, ಎಫ್/4.5 ಸಾಕೇ? ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆಯುತ್ತದೆ ಅನ್ನುವುದರ ಲೆಕ್ಕ ಇದು; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಬೆಲೆ ಏರುವುದು ಈ ಒಂದು ಅಂಕಿಯಿಂದ. ಎಫ್/2.8ರಲ್ಲಿ ಎಫ್/5.6ರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಹಗಲು ಹೊತ್ತಿನ ಕಡಲತೀರ, ತೋಟ, ದೇವಸ್ಥಾನದ ಹೊರಾಂಗಣ ತೆಗೆಯುವವರಿಗೆ ಅದರ ಅಗತ್ಯ ಇಲ್ಲ. ಎಲ್ಲವೂ ಸ್ಪಷ್ಟ ಇರಲಿ ಅಂತ ನೀವು ಎಫ್/8ಕ್ಕೇ ಇಡುತ್ತೀರಿ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಮಂಟಪದಲ್ಲಿ ಬೆಳಕು ಕಡಿಮೆ, ನಿಜ. ಆದರೆ ಅಲ್ಲಿನ ಕಂಬಗಳು ಅಲ್ಲಾಡುವುದಿಲ್ಲ. ಐಎಸ್ ಅಥವಾ ವಿಆರ್ ಇದ್ದರೆ ಉಸಿರು ಬಿಗಿಹಿಡಿದು ಸೆಕೆಂಡಿನ ಎಂಟನೇ ಒಂದು ಭಾಗದಲ್ಲೂ ಕೈಯಲ್ಲೇ ತೆಗೆಯಬಹುದು. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಹಾಗಾಗಿ ಇದು ಉಪಯೋಗಕ್ಕೆ ಬರುತ್ತದೆ.

ಎಫ್/2.8ಕ್ಕೆ ದುಡ್ಡು ಹಾಕಲೇಬೇಕಾದವರು ಇಬ್ಬರು. ಅಮಾವಾಸ್ಯೆಯ ಆಸುಪಾಸು ಕಡಲತೀರದಲ್ಲೋ ಬೆಟ್ಟದಲ್ಲೋ ನಕ್ಷತ್ರ ತೆಗೆಯುವವರು ಒಬ್ಬರು. 11 ಎಂಎಂ, ಎಫ್/2.8, 20 ಸೆಕೆಂಡ್ ಇಟ್ಟರೆ ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವ ಆಕಾಶಗಂಗೆ ಚೆನ್ನಾಗಿ ಬರುತ್ತದೆ. ಇನ್ನೊಬ್ಬರು ಯಕ್ಷಗಾನ ತೆಗೆಯುವವರು. ರಂಗಸ್ಥಳದ ಕುಣಿತಕ್ಕೆ ವೈಡ್ ಬೇಡ, ವೇಷ ಕಟ್ಟುವ ಚೌಕಿಗೆ ಬೇಕು. ಇಕ್ಕಟ್ಟಿನ ಜಾಗ, ಸಾಲಾಗಿ ಕೂತ ಕಲಾವಿದರು, ಎದುರಿಗೆ ಕನ್ನಡಿ, ಬಣ್ಣ, ಬಿಡಿಬಿಡಿಯಾಗಿ ಬಿಚ್ಚಿಟ್ಟ ವೇಷದ ಸಾಮಾನು, ಒಂದೆರಡು ಬಲ್ಬಿನ ಬೆಳಕು. ಕಟ್ಟಿ ಮುಗಿದ ಒಂದು ಮುಂದಲೆಯನ್ನು (ತಲೆಯ ವೇಷ) ಎದುರಿಗೆ ಇಟ್ಟುಕೊಂಡು ಹಿಂದೆ ಬಣ್ಣ ಬರೆಯುತ್ತಿರುವವರನ್ನು ತೆಗೆದರೆ ಇಡೀ ರಾತ್ರಿಯ ತಯಾರಿ ಅದರಲ್ಲಿ ಕಾಣುತ್ತದೆ. ಫ್ಲಾಶ್ ಹಾಕಬೇಡಿ. ಮೇಳದವರನ್ನು ಕೇಳಿಯೇ ಒಳಗೆ ಹೋಗಿ.

ಹಳೇ ಲೆನ್ಸ್ ಕೊಳ್ಳುವಾಗ ಚಿರೆಕಲ್ಲಿನ ಗೋಡೆ ಹುಡುಕಿ

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ವೈಡ್ ಲೆನ್ಸನ್ನು ಬಹಳ ಜನ ಆಸೆಗೆ ತಗೊಂಡು ಬಳಸದೆ ಮಾರುತ್ತಾರೆ, ಹೊಸದರಂತೆಯೇ ಇರುತ್ತವೆ. ಆದರೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ಬಳಸದೆ ಬೀರುವಿನಲ್ಲಿ ಇಟ್ಟ ಲೆನ್ಸೇ ಮೊದಲು ಹಾಳಾಗುವುದು. ಬೂಷ್ಟು ಹಿಡಿಯುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕು ಇದ್ದರೆ ಚಿಂತೆಯಿಲ್ಲ. ಬೇರು ಬಿಟ್ಟಂತೆ ಸಣ್ಣ ಎಳೆಗಳು ಕಂಡರೆ, ಅಂಚಿನಲ್ಲಿ ಮಂಜು ಕವಿದಂತಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಎರಡನೇ ಪರೀಕ್ಷೆಗೆ ಗೋಡೆ ಬೇಕು. ಗಿಲಾವು ಮಾಡದ ಚಿರೆಕಲ್ಲಿನ ಗೋಡೆ ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಕಂಪೌಂಡ್ ಆದರೂ ಸರಿ. ಕಲ್ಲಿನ ಮೈಯ ತೂತುಗಳು, ನೆಟ್ಟಗಿನ ಸಂದುಗೆರೆಗಳು ಲೆನ್ಸಿನ ಗುಟ್ಟನ್ನೆಲ್ಲ ಬಿಟ್ಟುಕೊಡುತ್ತವೆ. ಗೋಡೆಗೆ ನೇರ ಎದುರಾಗಿ ಟ್ರೈಪಾಡೋ ಸ್ಟೂಲೋ ಇಟ್ಟು, ಅತಿ ಅಗಲಕ್ಕೆ ತಿರುಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ಎರಡು ಫೋಟೋ ತೆಗೆಯಿರಿ. ಒಂದು ಅಪರ್ಚರ್ ಪೂರ್ತಿ ತೆರೆದು, ಇನ್ನೊಂದು ಎಫ್/8ರಲ್ಲಿ. ಆಮೇಲೆ ದೊಡ್ಡದು ಮಾಡಿ ನಾಲ್ಕೂ ಮೂಲೆಯ ಕಲ್ಲು ನೋಡಿ. ನಾಲ್ಕೂ ಮೂಲೆ ಸಮನಾಗಿ ಸ್ವಲ್ಪ ಮಸುಕಾಗಿದ್ದು ಎಫ್/8ರಲ್ಲಿ ಸರಿಯಾದರೆ ಲೆನ್ಸ್ ಆರೋಗ್ಯವಾಗಿದೆ. ಮೂರು ಮೂಲೆಯಲ್ಲಿ ತೂತುಗಳು ಎಣಿಸುವಷ್ಟು ಸ್ಪಷ್ಟ, ಒಂದರಲ್ಲಿ ಮಾತ್ರ ಕಲೆಸಿದಂತೆ ಇದ್ದರೆ ಒಳಗಿನ ಗಾಜು ಜರುಗಿದೆ. ಬಹುಶಃ ಬಿದ್ದು ಎದ್ದ ಲೆನ್ಸ್ ಅದು. ಕಲ್ಲಿನ ಸಾಲುಗಳು ಅಂಚಿನಲ್ಲಿ ಸ್ವಲ್ಪ ಉಬ್ಬಿದಂತೆ ಕಂಡರೆ ಹೆದರಬೇಡಿ. ವೈಡ್ ಲೆನ್ಸುಗಳಲ್ಲಿ ಅದು ಸಾಮಾನ್ಯ, ಸಾಫ್ಟ್‌ವೇರ್‌ನಲ್ಲಿ ಒಂದು ಕ್ಲಿಕ್ಕಿಗೆ ನೆಟ್ಟಗಾಗುತ್ತದೆ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಊರಿನ ಸ್ಟುಡಿಯೋದವರನ್ನು ಮಾತಾಡಿಸಿ. ಮದುವೆ ಮನೆಯ ಇಕ್ಕಟ್ಟಿನ ಕೋಣೆಗಳಿಗಾಗಿ ಅವರಲ್ಲಿ ವೈಡ್ ಲೆನ್ಸ್ ಇದ್ದೇ ಇರುತ್ತದೆ. ನಿಮ್ಮ ಕ್ಯಾಮೆರಾಕ್ಕೆ ಹಾಕಿ ನಾಲ್ಕು ಫೋಟೋ ತೆಗೆಯಲು ಬಿಡದವರು ಕಡಿಮೆ.

ಫಿಲ್ಟರ್ ವಿಷಯ

ಸಮುದ್ರದ ಹತ್ತಿರ ಇರುವವರಿಗೆ ಮುಂದೆ ಒಂದು ತೆಳು ಯುವಿ ಫಿಲ್ಟರ್ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಉಪ್ಪು ಮತ್ತು ಮರಳು ಲೆನ್ಸಿನ ಗಾಜಿಗೆ ತಗಲುವುದಕ್ಕಿಂತ ಫಿಲ್ಟರಿಗೆ ತಗಲಲಿ. ದಪ್ಪ ಅಂಚಿನದು ಬೇಡ, ಒಂದರ ಮೇಲೊಂದು ಹಾಕುವುದೂ ಬೇಡ, ಮೂಲೆಗಳು ಕಪ್ಪಾಗುತ್ತವೆ. ಮುಂದಿನ ಗಾಜು ಉಬ್ಬಿಕೊಂಡು ಫಿಲ್ಟರ್ ಹಾಕಲು ಥ್ರೆಡ್ಡೇ ಇಲ್ಲದ ಲೆನ್ಸುಗಳಿವೆ. ಎಷ್ಟೇ ಒಳ್ಳೆಯದಿದ್ದರೂ ಕರಾವಳಿಯವರು ಮೊದಲ ಲೆನ್ಸಾಗಿ ಅದನ್ನು ತಗೊಳ್ಳಬಾರದು. ಪೋಲರೈಸರ್ ನೀಲಿ ಆಕಾಶಕ್ಕೆ ಹಾಕಿದರೆ ಇಷ್ಟು ಅಗಲದಲ್ಲಿ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಬಂದು ಅಸಹ್ಯವಾಗುತ್ತದೆ. ಮಳೆಗಾಲದ ಕಾಡಿನಲ್ಲಿ ಒದ್ದೆ ಎಲೆಯ ಹೊಳಪು ತೆಗೆಯಲು ಮಾತ್ರ ಬಳಸಿ. ಅಲ್ಲಿ ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ತಂದ ಮೇಲೆ ಮೊದಲ ಕೆಲವು ವಾರ

ಅಡಿಕೆ ಸುಲಿಯುವ ಕಾಲವಾದರೆ ಅಲ್ಲಿಂದಲೇ ಶುರು ಮಾಡಿ. ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸುತ್ತ ಕೂತಿರುತ್ತಾರೆ, ನಡುವೆ ಅಡಿಕೆ ರಾಶಿ. ನಿಂತು ತೆಗೆದರೆ ತಲೆಗಳು, ನೆಲ ಅಷ್ಟೇ. ಕೂತು, ಕ್ಯಾಮೆರಾವನ್ನು ರಾಶಿಯ ಎತ್ತರಕ್ಕೆ ಇಳಿಸಿ, ಮುಂದಿನ ಅಡಿಕೆಯಿಂದ ಒಂದೂವರೆ ಅಡಿ ದೂರದಲ್ಲಿಡಿ. ಈಗ ರಾಶಿ ಗುಡ್ಡದಷ್ಟಾಯಿತು, ಕತ್ತಿ ಹಿಡಿದ ಕೈ ಕಾಣಿಸಿತು, ಹಿಂದೆ ಜಗಲಿಯ ಕಂಬ, ಮಾಡು ಎಲ್ಲವೂ ಬಂತು. 10 ಎಂಎಂ, ಎಫ್/8ರಲ್ಲಿ ಸುಮಾರು ಎರಡು ಅಡಿ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಸಾಕು, ಒಂದು ಅಡಿಯಿಂದ ಹಿಡಿದು ದಿಗಂತದವರೆಗೂ ಸ್ಪಷ್ಟ ಇರುತ್ತದೆ. ಎಫ್/16, ಎಫ್/22ಕ್ಕೆ ಹೋಗಬೇಡಿ. ಚಿತ್ರ ಮೃದುವಾಗುತ್ತದೆ.

ಶಿರಸಿ ಹತ್ತಿರದ ಸಹಸ್ರಲಿಂಗದಲ್ಲೂ ಇದೇ ಪಾಠ. ಶಾಲ್ಮಲಾ ನದಿಯಲ್ಲಿ ನೀರು ಇಳಿದ ಮೇಲೆ, ಶಿವರಾತ್ರಿ ಸುಮಾರಿಗೆ, ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಹೊರಗೆ ಕಾಣುತ್ತವೆ. ದಡದಲ್ಲಿ ನಿಂತು ತೆಗೆದರೆ ಬರೀ ಕಲ್ಲುಗಳ ಹರವು. ಒಂದೇ ಒಂದು ಲಿಂಗದ ಹತ್ತಿರ ಬಗ್ಗಿ ತೆಗೆದರೆ ಅದರ ಕೆತ್ತನೆಯೂ ಬಂತು, ಹಿಂದೆ ಹೊಳೆಯೂ ಬಂತು. ಪಾಚಿ ಜಾರುತ್ತದೆ, ಕ್ಯಾಮೆರಾ ಪಟ್ಟಿ ಕುತ್ತಿಗೆಯಲ್ಲಿರಲಿ.

ಜನರನ್ನು ಚೌಕಟ್ಟಿನ ಅಂಚಿಗೆ ಇಡಬೇಡಿ. ಮುಖ ಎಳೆದಂತಾಗುತ್ತದೆ. ಮನೆಯವರ ಗುಂಪು ಫೋಟೋ ತೆಗೆಯುವಾಗ ತುದಿಯಲ್ಲಿ ನಿಂತ ಅತ್ತೆ, ದೊಡ್ಡಮ್ಮ ಇದ್ದದ್ದಕ್ಕಿಂತ ದಪ್ಪ ಕಂಡು ಬೇಸರ ಮಾಡಿಕೊಂಡರೆ ಅದು ಅವರ ತಪ್ಪಲ್ಲ, ನಿಮ್ಮದು. ಆ ಕೆಲಸಕ್ಕೆ ಕಿಟ್ ಲೆನ್ಸನ್ನೇ ಹಾಕಿ. ಕ್ಲಿಕ್ ಮಾಡುವ ಮುಂಚೆ ನಾಲ್ಕೂ ಅಂಚಿನಲ್ಲಿ ಕಣ್ಣು ಓಡಿಸಿ. ಟ್ರೈಪಾಡಿನ ಕಾಲು, ನಿಮ್ಮದೇ ನೆರಳು, ಬ್ಯಾಗಿನ ಪಟ್ಟಿ ಬಂದು ಸೇರಿರುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಇದನ್ನೆಲ್ಲ ಯೋಚಿಸಲು ಸಮಯ ಸಿಗುವುದಿಲ್ಲ, ಮೊದಲೇ ರೂಢಿ ಆಗಿರಬೇಕು. ಇನ್ನೊಂದು ಮಾತು. ಕಾರವಾರ, ಅಂಕೋಲಾ ನಡುವೆ ಹೆದ್ದಾರಿಯಲ್ಲಿ ನೌಕಾನೆಲೆಯ ಗೋಡೆ ಕಾಣುವ ಕಡೆ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಅಲ್ಲಿ ಫೋಟೋಗ್ರಫಿ ನಿಷೇಧ, ವೈಡ್ ಲೆನ್ಸಿನಲ್ಲಿ ನಿಮಗೆ ಗೊತ್ತಿಲ್ಲದೆಯೇ ಗೋಡೆ ಒಳಗೆ ಬರುತ್ತದೆ.

ಮಳೆಗಾಲ ದಾಟಿಸುವುದು

ಬೀಚಿನಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಮೊದಲು ಗಾಳಿ ಊದುವ ರಬ್ಬರ್ ಬ್ಲೋವರ್‌ನಿಂದ ಮರಳು ಹಾರಿಸಿ, ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ. ಮರಳಿರುವಾಗಲೇ ಒರೆಸಿದರೆ ಗೀರು ಬೀಳುತ್ತದೆ. ಎಸಿ ಕಾರಿನಿಂದ ಇಳಿದು ಕೂಡಲೇ ತೆಗೆಯಲು ಹೋದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಹೊರತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಕ್ಯಾಮೆರಾ ಬ್ಯಾಗಿನಲ್ಲಿ ಇಡಲೇಬೇಡಿ. ಬಟ್ಟೆ, ಚರ್ಮ ಎರಡೂ ತೇವ ಹಿಡಿದುಕೊಳ್ಳುತ್ತವೆ. ಬೆಚ್ಚಗಿರುತ್ತದೆ ಅಂತ ಅಡುಗೆಮನೆಯ ಅಟ್ಟದಲ್ಲೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತೆ ಮಾಪಕ, ಇಷ್ಟಿದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಬೂಷ್ಟಿಗೆ ದಾರಿ. ಜೆಲ್‌ನ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೊದಲಿನ ಬಣ್ಣ ಬಂದ ಮೇಲೆ ಆರಿಸಿ ಮತ್ತೆ ಡಬ್ಬಿಗೆ ಹಾಕಿ. ಮಳೆ ಜೋರಿದ್ದರೂ ವಾರಕ್ಕೊಮ್ಮೆ ಲೆನ್ಸ್ ಹೊರಗೆ ತೆಗೆದು ಹತ್ತು ಫೋಟೋ ತೆಗೆಯಿರಿ. ಜೂಮ್, ಫೋಕಸ್ ರಿಂಗ್ ತಿರುಗಿಸಿ. ಒಳಗಿನ ಗಾಳಿ ಆಡಲಿ.